ಬೆಳ್ಳಿಗೆ ಹೆಪ್ಪು ಹಾಕುವವರು

ಬೆಳಕು ಹರಿಯಲು ಇನ್ನೂ ಸ್ವಲ್ಪ ಹೊತ್ತಿದೆ. ಟೈರ್ ಅಂಗಡಿಯ ಹಿಂದಿನ ಓಣಿಯಲ್ಲಿರುವ ಸಣ್ಣ ಕಾರ್ಖಾನೆಯೊಂದರ ಒಳಕೋಣೆ. ಬಿಳಿ ಕೋಟು ತೊಟ್ಟ ಹೆಂಗಸೊಬ್ಬರು ಗಾಜಿನ ಫ್ಲಾಸ್ಕನ್ನು ಟ್ಯೂಬ್‌ಲೈಟಿಗೆ ಅಡ್ಡ ಹಿಡಿದು, ಅದರ ಹಿಂದೆ ತಮ್ಮ ಹೆಬ್ಬೆರಳಿಟ್ಟು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದಾರೆ. ಬೆರಳು ಕಂಡರೆ ಕೆಲಸ ಕೆಟ್ಟಂತೆ. ಕಾಣದಿದ್ದರೆ ಒಳಗಿನ ಜೀವ ಚೆನ್ನಾಗಿ ಬೆಳೆದಿದೆ ಅಂತ ಲೆಕ್ಕ. ಇವರ ಕೆಲಸದ ಬಗ್ಗೆ ಬರೆಯಲು ಬಂದು ಬಾಗಿಲಲ್ಲಿ ನಿಂತಿರುವ ನನಗೆ ಬಾಯಿ ತೆರೆಯಬೇಡಿ ಅಂತ ಮೊದಲೇ ತಾಕೀತಾಗಿದೆ.

“ಕಾಣ್ತಿಲ್ಲ,” ಅನ್ನುತ್ತಾರೆ ಕೊನೆಗೆ. ಖುಷಿಪಡುವ ಮಾತು ತಾನೇ? ಮುಖ ಮಾತ್ರ ಸಡಿಲಾಗುವುದಿಲ್ಲ. “ಇಲ್ಲಿ ಚೆನ್ನಾಗೇ ಇರ್ತವೆ. ಹೋದ ಎರಡು ಸಲಾನೂ ಹೀಗೇ ದಷ್ಟಪುಷ್ಟವಾಗಿದ್ವು. ಆ ದೊಡ್ಡ ಡ್ರಮ್ಮಿಗೆ ಹೋದ್ಮೇಲೆ ತಾನೇ ಸಾಯೋದು!”

ಇವರನ್ನು ಇಲ್ಲಿ ಎಲ್ಲರೂ ಕರೆಯುವುದು ಹೆಪ್ಪಿನಕ್ಕ ಅಂತ. ಫ್ಲಾಸ್ಕಿನಲ್ಲಿರುವುದು ಕಣ್ಣಿಗೆ ಕಾಣದ ಸೂಕ್ಷ್ಮಾಣುಗಳು. ಅವನ್ನು ಮೊದಲು ಒಂದಿಷ್ಟೇ ಬೆಳೆಸಿ, ಆಮೇಲೆ ದೊಡ್ಡ ಪಾತ್ರೆಗೆ ಬಿಟ್ಟು ಸಂಸಾರ ಹೆಚ್ಚಿಸುವುದು ಇವರ ಕೆಲಸ. ಪುಸ್ತಕಗಳಲ್ಲಿ ಅದಕ್ಕೆ ನಾಲಿಗೆ ತಿರುಗದ ಹೆಸರುಗಳಿವೆ. ಕೆಲಸಕ್ಕೆ ಸೇರಿದ ವಾರದಲ್ಲೇ ಇವರು “ಅಯ್ಯೋ, ಇದು ಹೆಪ್ಪು ಹಾಕೋದು ತಾನೇ!” ಅಂದುಬಿಟ್ಟರಂತೆ. ಅಂದಿನಿಂದ ಇಲ್ಲಿನ ವಿಜ್ಞಾನಿ ಮೇಡಂ ಬಾಯಲ್ಲೂ ಅದು ಹೆಪ್ಪೇ.

“ಮನೇಲಿ ನಮ್ಮತ್ತೆ ‘ನಮ್ಮ ಸೊಸೆ ಕಾರ್ಖಾನೇಲಿ ಹುಳ ಸಾಕ್ತಾಳೆ’ ಅಂತ ಬೀದಿಗೆಲ್ಲ ಸಾರಿಬಿಟ್ಟಿದಾರೆ,” ಅನ್ನುತ್ತಾರೆ ಹೆಪ್ಪಿನಕ್ಕ. “ಈಗ ಅಕ್ಕಪಕ್ಕದೋರು ಯಾರೂ ನಮ್ಮನೆ ಮೊಸರು ಮುಟ್ಟಲ್ಲ. ಒಳ್ಳೇದೇ ಆಯ್ತು ಬಿಡಿ, ಉಳಿಯುತ್ತೆ.” ನಗುತ್ತಾರೆ. ನಗುತ್ತಲೇ ಕಣ್ಣು ಗೋಡೆಯ ಗಡಿಯಾರದತ್ತ ಹೋಗುತ್ತದೆ.

ಈ ಕಾರ್ಖಾನೆ ಮಾಡುವುದು ಬೆಳ್ಳಿಯ ನ್ಯಾನೋ ಕಣಗಳನ್ನು. ಕೂದಲೆಳೆಯನ್ನು ಸಾವಿರ ಸೀಳಾಗಿ ಸೀಳಿದರೂ ಒಂದು ಸೀಳಿನಷ್ಟು ದಪ್ಪವಿರದ ಬೆಳ್ಳಿ. ಸುಟ್ಟ ಗಾಯಕ್ಕೆ ಕಟ್ಟುವ ಬಟ್ಟೆಯನ್ನು ಈ ಬೆಳ್ಳಿನೀರಿನಲ್ಲಿ ಅದ್ದಿದರೆ ಗಾಯಕ್ಕೆ ಸೋಂಕು ತಗಲುವುದು ಕಡಿಮೆ. ಬೆಳ್ಳಿಯ ಉಪ್ಪನ್ನು ನೀರಿಗೆ ಹಾಕಿದರೆ ಸಕ್ಕರೆಯಂತೆ ಕರಗಿಹೋಗುತ್ತದೆ. ಕರಗಿದ್ದನ್ನು ಮತ್ತೆ ಲೋಹದ ಕಣವಾಗಿ ಎಬ್ಬಿಸಬೇಕು. ಎಬ್ಬಿಸಲಿಕ್ಕೆ ಏನನ್ನು ಬಳಸುತ್ತೀರಿ ಅನ್ನುವುದರ ಮೇಲೆ ನಿಂತಿದೆ ಇಲ್ಲಿನವರ ಆಯಸ್ಸು.

ಹಿಂದೆ ಬಳಸುತ್ತಿದ್ದದ್ದು ಹೈಡ್ರಜೀನ್ ಎಂಬ ದ್ರವ. ಅದರ ಹಬೆ ಕಣ್ಣು, ಗಂಟಲು, ಎದೆ ಯಾವುದನ್ನೂ ಬಿಡುವುದಿಲ್ಲ. ಒಳಗೆ ಹೋದರೆ ಪಿತ್ತಜನಕಾಂಗಕ್ಕೂ ಕೈ ಹಾಕುತ್ತದೆ. ಈಗ ಆ ಕೆಲಸವನ್ನು ಮಾಡುವುದು ಮಣ್ಣಿನಿಂದ ಎತ್ತಿ ತಂದ ಒಂದು ಸಾಧು ಸೂಕ್ಷ್ಮಾಣು. ಡ್ರಮ್ಮಿನಲ್ಲಿ ಅದನ್ನು ಬೆಳೆಸಿ, ಸೋಸಿ, ಸೋಸಿದ ತಿಳಿಯನ್ನು ಬೇರೆ ಗಾಜಿನ ತೊಟ್ಟಿಗೆ ಬಿಟ್ಟು, ಅದಕ್ಕೆ ಬೆಳ್ಳಿಯ ಉಪ್ಪು ಸೇರಿಸುತ್ತಾರೆ. ಸೂಕ್ಷ್ಮಾಣು ಬಿಟ್ಟುಹೋದ ಸಾರವೇ ಬೆಳ್ಳಿಯನ್ನು ಕಣಕಣವಾಗಿ ಎಬ್ಬಿಸುತ್ತದೆ. ತಿಳಿಹಳದಿ ನೀರು ಮರುದಿನದ ಹೊತ್ತಿಗೆ ಹಾಲು ಹಾಕದ ಟೀಯ ಬಣ್ಣಕ್ಕೆ ತಿರುಗುತ್ತದೆ.

ಹಾಗಂತ ಇದು ಆಟದ ಕೆಲಸವೇನಲ್ಲ. ಬೆಳ್ಳಿಯ ಉಪ್ಪು ಚರ್ಮಕ್ಕೆ ತಾಗಿದರೆ ಸುಡುತ್ತದೆ, ಕಪ್ಪು ಕಲೆ ಬೀಳುತ್ತದೆ. ಹೆಪ್ಪಿನಕ್ಕನ ತೋರುಬೆರಳಿನಲ್ಲಿ ಅಂಥದೊಂದು ಕಲೆಯಿದೆ, ಕೈಗವಸು ತೂತಾಗಿದ್ದ ದಿನದ್ದು. ಮಿಕ್ಕ ನೀರನ್ನು ಮೋರಿಗೆ ಬಿಡುವ ಹಾಗಿಲ್ಲ. ಬೆಳ್ಳಿ ಮಣ್ಣಿಗೆ ಹೋದರೆ ಅಲ್ಲಿನ ಒಳ್ಳೆಯ ಜೀವಗಳನ್ನೂ ಕೊಲ್ಲುತ್ತದೆ. “ಅಪಾಯ ಇಲ್ಲ ಅಂತ ಯಾರು ಹೇಳಿದ್ರು?” ಅಂತ ನನ್ನನ್ನೇ ಗದರುತ್ತಾರೆ. “ಕಮ್ಮಿ ಇದೆ ಅಂದೆ. ಉಸಿರಾಡೋಕೆ ಹೆದರಬೇಕಾಗಿಲ್ಲ. ಅಷ್ಟು ಸಾಲದಾ?”

ಉಸಿರಿನ ಮಾತು ಇವರ ಬಾಯಲ್ಲಿ ಸುಮ್ಮನೆ ಬಂದದ್ದಲ್ಲ. ಹಿಂದಿನ ಕೋಣೆಯಲ್ಲಿ ಹೈಡ್ರಜೀನ್ ಬೆರೆಸುತ್ತಿದ್ದವರು ಇವರ ಮನೆಯ ಯಜಮಾನರು. ಒಂದು ದಿನ ಕೊಳವೆಯ ಬಾಯಿ ಕಳಚಿ ಹಬೆ ಮುಖಕ್ಕೇ ಹೊಡೆಯಿತು. ಆಸ್ಪತ್ರೆಯಿಂದ ಎದ್ದು ಬಂದರು, ಎದೆ ಮಾತ್ರ ಮೊದಲಿನಂತಾಗಲಿಲ್ಲ. ಈಗ ಇಲ್ಲೇ ಬಾಟಲಿಗಳನ್ನು ಡಬ್ಬಕ್ಕೆ ತುಂಬುತ್ತಾರೆ. ಮಹಡಿ ಹತ್ತುವಾಗ ಅರ್ಧಕ್ಕೆ ನಿಂತು ಕಿಟಕಿಯಾಚೆ ಏನೋ ಕಂಡವರಂತೆ ನೋಡುತ್ತಾರೆ. ಅಲ್ಲಿ ನೋಡಲಿಕ್ಕೆ ಪಕ್ಕದ ಕಟ್ಟಡದ ಗೋಡೆ ಬಿಟ್ಟರೆ ಮತ್ತೇನಿಲ್ಲ ಅನ್ನುವುದು ಹೆಂಡತಿಗೆ ಗೊತ್ತು. ಅವರೂ ಜತೆಗೆ ನಿಂತು ಆ ಗೋಡೆಯನ್ನೇ ನೋಡುತ್ತಾರೆ.

ಒಂದು ವರ್ಷ ಎಲ್ಲ ಸುಸೂತ್ರವಾಗಿ ನಡೆಯಿತು. ಈಚೆಗೆ ಒಂದು ಸಲ ಹೊರಗಿನ ಬೂಷ್ಟು ಹೊಕ್ಕು ಡ್ರಮ್ಮೆಲ್ಲ ಹಸಿರಾಯಿತು. ಅದೇನೋ ಅರ್ಥವಾಗುವ ಮಾತು. ತೊಳೆದು ಮತ್ತೆ ಶುರು ಮಾಡಿದರು. ಅದಾದ ಮೇಲೆ ಎರಡು ಸಲ ಬಿಟ್ಟ ಹೆಪ್ಪು ಎರಡೂ ಸಲ ಸತ್ತಿತು. ಡ್ರಮ್ಮಿನ ನೀರು ಮೋಡ ಕಟ್ಟಬೇಕು, ಕಟ್ಟಲಿಲ್ಲ. ಕುಡಿಯುವ ನೀರಿನ ಹಾಗೆ ತಿಳಿಯಾಗಿ ಕೂತುಬಿಟ್ಟಿತು.

ಮೇಡಂ ತಲೆ ಕೆಡಿಸಿಕೊಂಡಿದ್ದಾರೆ. ನೀರು ಪರೀಕ್ಷಿಸಿದರು, ಸರಿ. ಸೂಕ್ಷ್ಮಾಣುವಿನ ಊಟ, ಅಂದರೆ ಕುದಿಸಿ ಆರಿಸಿದ ಸಕ್ಕರೆ-ಸತ್ವದ ನೀರು, ಅದೂ ಸರಿ. ಶಾಖ, ಗಾಳಿ ಎಲ್ಲ ಸರಿ. “ಬೇರೆ ಯಾವುದಾದ್ರೂ ಬೆಳೆದು ನಮ್ಮದನ್ನ ತಿಂದಿದ್ರೆ ಒಪ್ಪಬಹುದಿತ್ತು,” ಅನ್ನುತ್ತಾರೆ ನನ್ನ ಹತ್ತಿರ. “ಅದೂ ಇಲ್ಲ. ನಮ್ಮದೂ ಬೆಳೆದಿಲ್ಲ, ಬೇರೆಯವರದೂ ಬೆಳೆದಿಲ್ಲ. ಡ್ರಮ್ಮಿಗೇ ಜೀವ ಅಂದ್ರೆ ಆಗ್ತಿಲ್ಲವೇನೋ ಅನ್ನೋ ಹಾಗಿದೆ.”

ಮಾಲೀಕರು ಕೆಟ್ಟವರಲ್ಲ, ಆದರೆ ಆಸ್ಪತ್ರೆಗಳಿಗೆ ಮಾತು ಕೊಟ್ಟು ಕೂತಿದ್ದಾರೆ. ಇವತ್ತು ಸಂಜೆಯೊಳಗೆ ಡ್ರಮ್ಮಿನಲ್ಲಿ ಜೀವ ಕಾಣಿಸದಿದ್ದರೆ ಹಿಂದಿನ ಕೋಣೆ ಮತ್ತೆ ತೆರೆಯುತ್ತದೆ. ಹೈಡ್ರಜೀನ್ ತರಿಸಲು ಹೇಳಿಯೂ ಆಗಿದೆ, ಮಧ್ಯಾಹ್ನ ಲಾರಿ ಬರುತ್ತದೆ. ಆ ಕೋಣೆಯ ಕೆಲಸ ಬಲ್ಲವರು ಇಡೀ ಕಾರ್ಖಾನೆಯಲ್ಲಿ ಒಬ್ಬರೇ. ಅವರು ಹೆಂಡತಿಯನ್ನು ಒಂದು ಮಾತು ಕೇಳದೆ ಹೂಂ ಅಂದುಬಿಟ್ಟಿದ್ದಾರೆ.

“ಮೂರು ದಿನದಿಂದ ನಾನು ಅವರ ಹತ್ರ ಮಾತಾಡ್ತಿಲ್ಲ,” ಅನ್ನುತ್ತಾರೆ ಹೆಪ್ಪಿನಕ್ಕ. ಫ್ಲಾಸ್ಕನ್ನು ಮೇಜಿನ ಮೇಲಿಡುತ್ತಾರೆ. “ಅವರಿಗೇನು, ಹೂಂ ಅನ್ನೋದು ಸುಲಭ. ರಾತ್ರಿಯೆಲ್ಲ ಆ ಕೆಮ್ಮು ಕೇಳಿಸ್ಕೊಳ್ಳೋಳು ನಾನಲ್ವಾ?”

ಡ್ರಮ್ಮು ಪಕ್ಕದಲ್ಲೇ ಇದೆ. ಆಳೆತ್ತರದ ಸ್ಟೀಲಿನದು, ಹೊಟ್ಟೆಯಲ್ಲೊಂದು ಗಾಜಿನ ಕಿಂಡಿ. ಈಗ ಖಾಲಿಯಿದೆ. ಒಂದು ನಲ್ಲಿ ತಿರುಗಿಸಿದರೆ ಊಟದ ನೀರು ಅದಕ್ಕೆ ಇಳಿಯುತ್ತದೆ, ಮೇಲಿಂದ ಹೆಪ್ಪು ಸುರಿದರೆ ಮುಗಿಯಿತು. ಹೆಪ್ಪಿನಕ್ಕ ನಲ್ಲಿಯ ಮೇಲೆ ಕೈಯಿಟ್ಟು ನಿಂತಿದ್ದಾರೆ. ತಿರುಗಿಸುತ್ತಿಲ್ಲ. ಇನ್ನೊಂದು ಹೆಪ್ಪು ಬೆಳೆಸುವಷ್ಟು ಸಮಯ ಯಾರ ಹತ್ತಿರವೂ ಇಲ್ಲ.

ಅಷ್ಟರಲ್ಲಿ ಬಾಗಿಲ ಹತ್ತಿರ ಒಂದು ಕೆಮ್ಮು. ಯಜಮಾನರು ಬಂದಿದ್ದಾರೆ. ತೆಳ್ಳಗಿನ ಮನುಷ್ಯ, ಕೈಯಲ್ಲಿ ಎರಡು ಲೋಟ ಟೀ. ಒಂದನ್ನು ನನಗೆ ಕೊಡುತ್ತಾರೆ. ಇನ್ನೊಂದನ್ನು ಹೆಂಡತಿಯತ್ತ ಚಾಚುತ್ತಾರೆ. ಅವರು ನೋಡುವುದೂ ಇಲ್ಲ.

“ಧೈರ್ಯವಾಗಿ ಸುರಿಯೇ,” ಅನ್ನುತ್ತಾರೆ ಯಜಮಾನರು. “ಏನೂ ಆಗಲ್ಲ. ನಾನೂ ನನ್ನ ಕೈಲಾದ್ದು ಮಾಡಿದೀನಿ.”

ಹೆಪ್ಪಿನಕ್ಕ ನಿಧಾನವಾಗಿ ತಿರುಗುತ್ತಾರೆ. ಮೂರು ದಿನದ ಮೌನ ಮುರಿಯುತ್ತದೆ. “ಏನ್ ಮಾಡಿದೀರಿ?”

“ಏನಿಲ್ಲ. ನೀನು ತೊಳೆದು ಹೋದ್ಮೇಲೆ ಒಂದ್ಸಲ ಒಳಗೆಲ್ಲ ಒರೆಸ್ತೀನಿ, ಅಷ್ಟೇ. ಬೂಷ್ಟು ಬಂದ ದಿನ ನೀನು ದಾರಿಯುದ್ದ ಅತ್ಕೊಂಡು ಬಂದೆಯಲ್ಲ, ಅವತ್ತಿಂದ.”

“ಯಾವುದರಲ್ಲಿ ಒರೆಸ್ತೀರಿ?”

“ನಮ್ಮದೇ ಬೆಳ್ಳಿನೀರಲ್ಲಿ,” ಅನ್ನುತ್ತಾರೆ ಯಜಮಾನರು. ದನಿಯಲ್ಲಿ ಹೆಮ್ಮೆಯೇ ಇದೆ. “ಒಡೆದ ಬಾಟಲಿಯಲ್ಲಿ ಮಿಕ್ಕಿದ್ದು. ಒಂದು ಕ್ರಿಮಿ ಉಳಿಯಲ್ಲ ಅಂತ ಡಬ್ಬದ ಮೇಲೆ ನಾವೇ ಅಚ್ಚು ಹಾಕಿಸಿದೀವಲ್ಲ!”

ನನಗೆ ವಿಜ್ಞಾನ ಅಷ್ಟಕ್ಕಷ್ಟೇ, ಆದರೂ ಇಷ್ಟು ಅರ್ಥವಾಗುತ್ತದೆ. ಬೆಳ್ಳಿ ಸೂಕ್ಷ್ಮಾಣುಗಳನ್ನು ಕೊಲ್ಲುತ್ತದೆ. ಅದನ್ನು ಮಾರುವುದೇ ಅದಕ್ಕೆ. ಇವರು ಬೆಳೆಸುವುದು ಸೂಕ್ಷ್ಮಾಣುವನ್ನೇ. ಅದಕ್ಕೇ ಇಲ್ಲಿ ಬೆಳೆಸುವ ಪಾತ್ರೆ ಬೇರೆ, ಬೆಳ್ಳಿಯ ತೊಟ್ಟಿ ಬೇರೆ. ನಲ್ಲಿ, ಬಟ್ಟೆ, ಬಕೆಟ್ಟು ಎಲ್ಲವೂ ಬೇರೆ. ಪಾಪ, ಈ ಮನುಷ್ಯ ಹೆಂಡತಿಯ ಕಣ್ಣೀರು ನೋಡಲಾರದೆ, ಕಾರ್ಖಾನೆಯಲ್ಲಿರುವ ಎಲ್ಲಕ್ಕಿಂತ ಶುದ್ಧವಾದದ್ದು ಯಾವುದೋ ಅದರಿಂದಲೇ ಈ ಜೀವಗಳ ತೊಟ್ಟಿಲಾದ ಡ್ರಮ್ಮನ್ನು ಒರೆಸಿದ್ದಾರೆ. ಹೆಬ್ಬೆರಳಿನ ಪರೀಕ್ಷೆ ಪಾಸಾದ ಕೋಟಿಗಟ್ಟಲೆ ಜೀವ ಆ ತೊಟ್ಟಿಲಿಗೆ ಇಳಿದು ಸತ್ತಿವೆ.

ಹೆಪ್ಪಿನಕ್ಕ ನಲ್ಲಿಯಿಂದ ಕೈ ತೆಗೆಯುತ್ತಾರೆ. ಬಯ್ಯುತ್ತಾರೆ ಅಂದುಕೊಂಡಿದ್ದೆ. ಇಲ್ಲ. “ಮೇಡಂನ ಕರೀರಿ,” ಅನ್ನುತ್ತಾರೆ, ನನಗೆ. “ಬೇಗ!”

ಮೇಡಂ ಓಡಿ ಬಂದು, ಕೇಳಿ, ಹಣೆ ಹಣೆ ಬಡಿದುಕೊಳ್ಳುತ್ತಾರೆ. “ನಾನು ನೀರು ನೋಡಿದೆ, ಊಟ ನೋಡಿದೆ. ಡ್ರಮ್ಮಿನ ಗೋಡೆ ಮಾತ್ರ ನೋಡಲೇ ಇಲ್ಲ!” ಬೇಜಾರಿಗೆ ಈಗ ಪುರಸೊತ್ತಿಲ್ಲ. ಹಬೆಯಲ್ಲಿ ಬೇಯಿಸಿದರೆ ಬೆಳ್ಳಿ ಹೋಗುವುದಿಲ್ಲ. ತೆಳುವಾದ ನೈಟ್ರಿಕ್ ಆಮ್ಲ ಬಿಟ್ಟು ಕರಗಿಸಬೇಕು, ಆಮೇಲೆ ಬಟ್ಟಿ ಇಳಿಸಿದ ನೀರಿನಲ್ಲಿ ಮತ್ತೆ ಮತ್ತೆ ತೊಳೆಯಬೇಕು. ಅಲ್ಲಿಯವರೆಗೆ ಫ್ಲಾಸ್ಕಿನ ಹೆಪ್ಪು ತಾಳಬೇಕು. ಸುಮ್ಮನೆ ಇಟ್ಟರೆ ಹಸಿದು ಸೊರಗುತ್ತದೆ. ಆಗಾಗ ಒಂದಿಷ್ಟು ಊಟ ಹನಿಸುತ್ತಾ ಅಲುಗಾಡಿಸುತ್ತಲೇ ಇರಬೇಕು.

ಗೂಟದಲ್ಲಿ ನೇತಾಡುವ ಮುಖವಾಡಕ್ಕೆ ಮೊದಲು ಕೈಹಾಕುವವರು ಯಜಮಾನರು. “ಆಮ್ಲದ ಕೆಲಸ ನಂಗೆ ಬಿಡಿ ಮೇಡಂ. ನನ್ನಿಂದ ಆದದ್ದು, ನಾನೇ...”

ಆಗ ಸಿಡಿಯುತ್ತದೆ ಹೆಪ್ಪಿನಕ್ಕನ ದನಿ. “ಮುಟ್ಟಿದ್ರೆ ನೋಡಿ! ನಿಮ್ಮನ್ನ ಅಂಥ ಹಬೆಯಿಂದ ದೂರ ಇಡೋಕೆ ತಾನೇ ನಾನು ಇಷ್ಟೆಲ್ಲ ಒದ್ದಾಡ್ತಿರೋದು? ನೀವು ಅಲ್ಲಿಗೇ ಹೋಗಿ ನಿಂತ್ಕೊಂಡ್ರೆ ನಾನು ಯಾರಿಗೋಸ್ಕರ ಹೆಪ್ಪು ಹಾಕ್ಲಿ?” ಅಂದವರೇ ಮುಖವಾಡ ಕಿತ್ತುಕೊಳ್ಳುತ್ತಾರೆ. ಕಣ್ಣಲ್ಲಿ ನೀರು ತುಂಬಿದೆ. ಆಮೇಲೆ ಫ್ಲಾಸ್ಕನ್ನು ಎತ್ತಿ ಗಂಡನ ಕೈಗೆ ಕೊಡುತ್ತಾರೆ. “ಹೊರಗೆ ಗಾಳೀಲಿ ಕೂತು ಇದನ್ನ ಅಲ್ಲಾಡಿಸ್ತಾ ಇರಿ. ಮೇಡಂ ಹೇಳಿದಾಗ ಊಟ ಹಾಕಿ. ಇದಕ್ಕೇನಾದ್ರೂ ಆದ್ರೆ ನಂಗೂ ಆಗುತ್ತೆ. ಮತ್ತೆ, ಬೇರೇನೂ ಮುಟ್ಟಬೇಡಿ. ಒರೆಸಬೇಡಿ!”

ಯಜಮಾನರು ಅಂಗಳದ ಬೆಂಚಿನ ಮೇಲೆ ಕೂರುತ್ತಾರೆ, ಎರಡೂ ಕೈಯಲ್ಲಿ ಫ್ಲಾಸ್ಕು. ಒಳಗೆ ಮುಖವಾಡ, ಕನ್ನಡಕ, ಮೊಣಕೈವರೆಗಿನ ಕೈಗವಸು ಹಾಕಿಕೊಂಡ ಇಬ್ಬರು ಹೆಂಗಸರು ಡ್ರಮ್ಮಿಗೆ ಆಮ್ಲ ಬಿಡುತ್ತಾರೆ. ಬೀಸಣಿಗೆಗಳು ಭರ್ರೆನ್ನುತ್ತವೆ. ನನ್ನನ್ನು ಗಾಜಿನ ಬಾಗಿಲಾಚೆಗೆ ಅಟ್ಟಿದ್ದಾರೆ.

ಮೊದಲ ತೊಳೆನೀರನ್ನು ಗಾಜಿನ ಕೊಳವೆಗೆ ಹಿಡಿದು ಮೇಡಂ ಅದಕ್ಕೆ ಒಂದು ಹನಿ ಉಪ್ಪುನೀರು ಬಿಡುತ್ತಾರೆ. ಅಡುಗೆಮನೆಯ ಉಪ್ಪೇ. ಬೆಳ್ಳಿಯಿದ್ದರೆ ಬೆಳ್ಳಗಾಗುತ್ತದಂತೆ. ಹನಿ ಬಿದ್ದದ್ದೇ ತಡ, ಹಾಲು ಚೆಲ್ಲಿದ ಹಾಗೆ ಬೆಳ್ಳಗಾಗುತ್ತದೆ. “ಅಬ್ಬಾ! ಇಷ್ಟಿತ್ತಾ?” ಅನ್ನುತ್ತಾರೆ ಮೇಡಂ. ಎರಡನೆಯ ನೀರೂ ಬೆಳ್ಳಗೆ. ಮೂರನೆಯದು ಮಸುಕು. ಅದಾದ ಮೇಲೂ ಮಸುಕು. ಹೊರಗೆ ಬಿಸಿಲೇರುತ್ತಿದೆ, ಯಜಮಾನರ ತೋಳು ಸೋಲುತ್ತಿದೆ, ಹಿಡಿಯುವ ಕೈ ಬದಲಾಗುತ್ತಿದೆ. ಫ್ಲಾಸ್ಕು ಮಾತ್ರ ನಿಂತಿಲ್ಲ.

ಲಾರಿ ಮೊದಲೇ ಬಂದುಬಿಡುತ್ತದೆ. ಗೇಟಿನ ಮುಂದೆ ನಿಂತು ಹಾರ್ನ್ ಹೊಡೆಯುತ್ತದೆ. ನೀಲಿ ಡ್ರಮ್ಮುಗಳು, ಮೇಲೆ ತಲೆಬುರುಡೆಯ ಚಿತ್ರ. ಹಿಂದೆಯೇ ಮಾಲೀಕರ ಸ್ಕೂಟರ್. ಒಳಗೆ ಬಂದವರು ಅಂಗಳದಲ್ಲಿ ಫ್ಲಾಸ್ಕು ಆಡಿಸುತ್ತಿರುವ ಯಜಮಾನರನ್ನು ನೋಡಿ ನಿಲ್ಲುತ್ತಾರೆ. “ಏನ್ರೀ ಇದು?”

ಡ್ರಮ್ಮನ್ನು ಒಳಕೋಣೆಯವರ ಹೊರತು ಯಾರೂ ಮುಟ್ಟಬಾರದು ಅನ್ನುವುದು ಇಲ್ಲಿನ ಮೊದಲ ನಿಯಮ. ಮುಟ್ಟಿದವರಿಗೆ ಮರುದಿನ ಕೆಲಸವಿಲ್ಲ. ಮೇಡಂ ಏನೋ ಹೇಳಹೊರಡುತ್ತಾರೆ. ಅಷ್ಟರಲ್ಲಿ ಯಜಮಾನರೇ ಎದ್ದು ನಿಂತು ಎಲ್ಲವನ್ನೂ ಹೇಳಿಬಿಡುತ್ತಾರೆ. ಬೂಷ್ಟು, ಹೆಂಡತಿಯ ಅಳು, ಬಟ್ಟೆ, ಬೆಳ್ಳಿನೀರು. ಹೇಳುವಾಗಲೂ ಫ್ಲಾಸ್ಕು ಅಲ್ಲಾಡುತ್ತಲೇ ಇದೆ. “ಶಿಕ್ಷೆ ಏನಿದ್ರೂ ನಂಗೆ ಕೊಡಿ ಸರ್. ಇವಳಿಗೆ ಗೊತ್ತಿರಲಿಲ್ಲ.”

ಮಾಲೀಕರು ಅಲ್ಲಾಡುವ ಫ್ಲಾಸ್ಕನ್ನೇ ನೋಡುತ್ತಾರೆ. ಗೇಟಿನಲ್ಲಿ ಇನ್ನೊಂದು ಹಾರ್ನ್. “ಎರಡು ಸಲ ಡ್ರಮ್ಮು ತುಂಬ ಬಿಟ್ಟದ್ದನ್ನ, ಬರೀ ಒರೆಸಿದ್ದಕ್ಕೇ ಕೊಂದುಬಿಡ್ತಾ?” ಅಂತ ಕೇಳುತ್ತಾರೆ ಕೊನೆಗೆ.

“ಒಂದೂ ಉಳೀಲಿಲ್ಲ ಸರ್,” ಅನ್ನುತ್ತಾರೆ ಮೇಡಂ.

“ನಮ್ಮ ಸರಕು ಅಷ್ಟು ಚೆನ್ನಾಗಿದೆ ಅಂತ ನಂಗೇ ಗೊತ್ತಿರಲಿಲ್ಲ ನೋಡಿ.” ಮುಖದಲ್ಲಿ ನಗು ಬರಬೇಕೋ ಬೇಡವೋ ಅಂತ ಯೋಚಿಸುತ್ತದೆ, ಬರುವುದಿಲ್ಲ. “ಆದ್ರೆ ಮಾತು ಮಾತೇ. ಸಂಜೆವರೆಗೆ ಲಾರಿ ನಿಂತಿರುತ್ತೆ. ಕಿಂಡೀಲಿ ಮೋಡ ಕಂಡ್ರೆ ವಾಪಸ್. ಕಾಣದಿದ್ರೆ ಇಳಿಸ್ಕೊಳ್ತೀನಿ. ನಂಗೂ ಬೇರೆ ದಾರಿ ಇಲ್ಲ.”

ಕೊನೆಯ ತೊಳೆನೀರಿಗೆ ಉಪ್ಪಿನ ಹನಿ ಬೀಳುತ್ತದೆ. ಕೊಳವೆ ತಿಳಿಯಾಗಿಯೇ ಉಳಿಯುತ್ತದೆ. ಮೇಡಂಗೆ ಸಮಾಧಾನವಿಲ್ಲ, ಇನ್ನೂ ಎರಡು ಸಲ ತೊಳೆಸುತ್ತಾರೆ. ಹಬೆ ಬಿಟ್ಟು ಆರಿಸಿ, ಹೆಪ್ಪಿನಕ್ಕ ನಲ್ಲಿ ತಿರುಗಿಸುತ್ತಾರೆ. ಊಟದ ನೀರು ಇಳಿಯುತ್ತದೆ. ಗಂಡನ ಕೈಯಿಂದ ಫ್ಲಾಸ್ಕು ತೆಗೆದುಕೊಂಡು, ಅದರ ಬಾಯನ್ನು ಜ್ವಾಲೆಗೆ ತೋರಿಸಿ, ಒಂದು ತೊಟ್ಟೂ ಚೆಲ್ಲದಂತೆ ಡ್ರಮ್ಮಿಗೆ ಸುರಿಯುತ್ತಾರೆ. “ಹೋಗ್ರೋ, ಚೆನ್ನಾಗಿ ಉಣ್ಣಿ,” ಅಂತ ಬಾಯೊಳಗೇ ಅಂದದ್ದು ನನಗೆ ಕೇಳಿಸುತ್ತದೆ.

ಇನ್ನು ಕಾಯುವುದು. ಕಿಂಡಿಯ ಹಿಂದೊಂದು ಬಲ್ಬು ಉರಿಯುತ್ತಿದೆ, ಅದರ ತಂತಿ ಸೂಜಿಯಷ್ಟು ಸ್ಪಷ್ಟವಾಗಿ ಕಾಣುತ್ತಿದೆ. ಆ ತಂತಿ ಮಸುಕಾಗಬೇಕು. ಊಟಕ್ಕೆ ಯಾರೂ ಏಳುವುದಿಲ್ಲ. ಲಾರಿಯ ಚಾಲಕ ಬಂದು ಇಣುಕಿ, ಏನನ್ನು ನೋಡುತ್ತಿದ್ದಾರೆಂದು ತಿಳಿಯದೆ, ತಾನೂ ಸ್ವಲ್ಪ ಹೊತ್ತು ಬಲ್ಬು ನೋಡಿ ಹೋಗುತ್ತಾನೆ. ಹೆಪ್ಪಿನಕ್ಕ ಸ್ಟೂಲಿನ ಮೇಲೆ ಕೂತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಾರೆ. ನೆಲದ ಮೇಲೆ ಅವರ ಪಕ್ಕದಲ್ಲಿ ಯಜಮಾನರು.

ಮಧ್ಯಾಹ್ನ ಕಳೆಯುತ್ತದೆ. ತಂತಿ ಸ್ಪಷ್ಟವಾಗೇ ಇದೆ. ಮಾಲೀಕರು ಒಂದು ಸಲ ಬಂದು ನೋಡಿ ಹೋಗುತ್ತಾರೆ. ಇನ್ನೊಂದು ಸಲ ಬಂದಾಗ ಗಡಿಯಾರ ನೋಡುತ್ತಾರೆ. ಗೇಟಿನ ಕಡೆಯಿಂದ ಲಾರಿಯ ಹಿಂಬಾಗಿಲ ಸರಪಳಿ ಬಿಚ್ಚುವ ಸದ್ದು ಕೇಳುತ್ತದೆ. ಯಜಮಾನರು ಮೆಲ್ಲಗೆ ಎದ್ದು ಅಂಗಿಯ ತೋಳು ಮಡಿಸಿಕೊಳ್ಳುತ್ತಾರೆ. ನನಗೆ ನೋಡಲಾಗುವುದಿಲ್ಲ, ಕಿಟಕಿಯತ್ತ ತಿರುಗಿಬಿಡುತ್ತೇನೆ.

“ರೀ, ಇಲ್ಲಿ ಬನ್ನಿ.” ಹೆಪ್ಪಿನಕ್ಕ ಕಿಂಡಿಗೆ ಮೂಗು ತಾಗಿಸಿ ನಿಂತಿದ್ದಾರೆ. “ನಂಗೆ ಕಣ್ಣು ಮಂಜಾಗಿದೆಯಾ, ಇಲ್ಲ ಇದು ಮಂಜಾಗಿದೆಯಾ?”

ಯಜಮಾನರು ನೋಡುತ್ತಾರೆ. ಮೇಡಂ ನೋಡುತ್ತಾರೆ. ನಾನೂ ನೋಡುತ್ತೇನೆ. ಬಲ್ಬಿನ ತಂತಿ ಇದ್ದ ಕಡೆ ಈಗ ಒಂದು ಮಬ್ಬು ಬೆಳಕು, ಅಷ್ಟೇ. ಮೇಡಂ ಒಂದು ಹನಿ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿ ತಲೆಯೆತ್ತುತ್ತಾರೆ. “ನಮ್ಮವೇ! ಜಾತ್ರೆ ಸೇರಿದ ಹಾಗೆ ಕಿಕ್ಕಿರಿದಿವೆ!” ಹೆಪ್ಪಿನಕ್ಕ ಸ್ಟೂಲಿನ ಮೇಲೆ ಕುಸಿದು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅಳುತ್ತಾರೆ. ಸುಮ್ಮನೆ ಅಲ್ಲ, ಗಟ್ಟಿಯಾಗಿಯೇ. ನಾನೂ ಮೂಗೊರೆಸಿಕೊಳ್ಳುತ್ತೇನೆ, ಅದರಲ್ಲಿ ಮುಚ್ಚಿಡುವುದೇನಿದೆ.

ಮಾಲೀಕರು ಕಿಂಡಿಯಲ್ಲಿ ಇಣುಕಿ, ಒಂದು ಕಣ್ಣು ಮುಚ್ಚಿ ಮತ್ತೆ ಇಣುಕಿ, ಅಂಗಳಕ್ಕೆ ಹೋಗಿ ಕೂಗುತ್ತಾರೆ: “ಸರಪಳಿ ಹಾಕ್ಕೊಳ್ಳಪ್ಪ, ಹಿಂದಕ್ಕೆ ತಗೊಂಡ್ಹೋಗು.” ಆಮೇಲೆ ಯಜಮಾನರತ್ತ ಬೆರಳು ಮಾಡುತ್ತಾರೆ. “ನೀವು ಇನ್ನೊಂದ್ಸಲ ಆ ಡ್ರಮ್ಮಿನ ಹತ್ರ ಬಟ್ಟೆ ಹಿಡ್ಕೊಂಡು ಕಾಣಿಸಿದ್ರೆ...” ಮುಂದಿನದನ್ನು ಹೇಳುವುದಿಲ್ಲ. ನಾಳೆ ಕೆಲಸಕ್ಕೆ ಬರಬೇಡಿ ಅಂತಲೂ ಹೇಳುವುದಿಲ್ಲ. ಲಾರಿ ಓಣಿಯಲ್ಲಿ ತಿರುಗಲಾಗದೆ ಹಿಂದುಹಿಂದಕ್ಕೇ ಹೋಗುತ್ತದೆ.

ಬೆಳ್ಳಿಯ ಬಣ್ಣ ತಿರುಗುವುದು ನಾಳೆಯ ಮಾತು. ಇಷ್ಟು ಬೆಳೆದ ಮೇಲೆ ಅದು ಕೈಕೊಟ್ಟದ್ದೇ ಇಲ್ಲವಂತೆ. ನಾನು ಹೊರಡುವ ಮುಂಚೆ, ಇಂಥ ಬರಹ ಬರೆಯುವವರು ಕೇಳಲೇಬೇಕಾದ ಪ್ರಶ್ನೆಯನ್ನು ಹೆಪ್ಪಿನಕ್ಕನಿಗೆ ಕೇಳುತ್ತೇನೆ: ನಿಮಗೆ ಏನಾದರೂ ಆಸೆ ಇದೆಯಾ? ಮಾಲೀಕರು ಇಲ್ಲೇ ಇದ್ದಾರೆ, ಹೇಳಿಬಿಡಿ.

ಅವರು ಮುಖ ತೊಳೆದುಕೊಂಡು ಬಂದು, ಟವೆಲಿನಲ್ಲಿ ಕೈ ಒರೆಸುತ್ತಾ ಸ್ವಲ್ಪ ಯೋಚಿಸುತ್ತಾರೆ. “ಆ ಹಿಂದಿನ ಕೋಣೆ ಬೀಗದಕೈ ಒಂದು ನನ್ನ ಕೈಗೆ ಕೊಟ್ಟುಬಿಡಲಿ. ಬೇರೇನೂ ಬೇಡ.”

“ನಿಮಗ್ಯಾಕೆ ಅದು? ಏನ್ ಮಾಡ್ತೀರಿ ಅದನ್ನ ಇಟ್ಕೊಂಡು?” ಅನ್ನುತ್ತಾರೆ ಮಾಲೀಕರು.

“ಕಳೆದುಹಾಕ್ತೀನಿ ಸರ್.”